ರೈಲು ಬರುವಷ್ಟರಲ್ಲಿ ಪೇಟೆ ಎದ್ದು ಹೋಗಿತ್ತು

ಮೊನ್ನೆ ಬೆಳ್ತಂಗಡಿಯಿಂದ ಮಂಗಳೂರಿಗೆ ಬರ್ತಾ ಇದ್ದೆ. ಎಲ್ಲರಂತೆ ಬೈಪಾಸಿನಲ್ಲಿ ಸೀದಾ ಬಿ.ಸಿ.ರೋಡಿಗೆ ಬರುವ ಬದಲು, ಯಾಕೋ ಬೈಕನ್ನು ಬಂಟ್ವಾಳದ ಹಳೇ ಪೇಟೆಯೊಳಗೆ ತಿರುಗಿಸಿದೆ. ಕಿರಿದಾದ ರಸ್ತೆ, ಹೆಂಚಿನ ಮಾಡಿನ ಅಂಗಡಿಗಳು, ಕೆಲವಕ್ಕೆ ಇನ್ನೂ ಹಲಗೆ ಬಾಗಿಲು. ಮಧ್ಯಾಹ್ನ ಹನ್ನೆರಡು ಗಂಟೆಗೇ ಪೇಟೆ ಆಕಳಿಸುತ್ತಿತ್ತು. ಹಿಂದೆ ನೇತ್ರಾವತಿ ಮಾತ್ರ ತನ್ನ ಪಾಡಿಗೆ ಹರಿಯುತ್ತಿದ್ದಳು.

ನಮ್ಮಪ್ಪ ಹೇಳ್ತಿದ್ದರು, "ರೈಲು ಬಿ.ಸಿ.ರೋಡಿಗೆ ಬಂತು, ಬಂಟ್ವಾಳ ಪೇಟೆ ಮುಗಿಯಿತು" ಅಂತ. ನಾನೂ ಅದನ್ನೇ ನಂಬಿದ್ದೆ. ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಬಂಟ್ವಾಳವನ್ನು ಬೆಳೆಸಿದ್ದು ಹೊಳೆ. ಘಟ್ಟದ ಮೇಲಿನ ಕಾಫಿ ಮುಂತಾದ ಸರಕು ಚಾರ್ಮಾಡಿ ಇಳಿದು, ಎತ್ತಿನ ಗಾಡಿಯಲ್ಲಿ ಬೆಳ್ತಂಗಡಿ ದಾಟಿ ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ಮುಂದೆ ದೋಣಿ, ಮಂಗಳೂರು ಬಂದರಿನವರೆಗೆ. ಗಾಡಿಯಿಂದ ದೋಣಿಗೆ ಸರಕು ಬದಲಾಗುವ ಜಾಗದಲ್ಲಿ ಗೋದಾಮು, ದಲ್ಲಾಳಿ, ಸಾಲ ಕೊಡುವವರು, ಊಟದ ಮನೆ ಎಲ್ಲಾ ಹುಟ್ಟಿಕೊಳ್ಳುತ್ತವೆ ನೋಡಿ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ.

1907ರಲ್ಲಿ ಮಂಗಳೂರಿಗೆ ರೈಲು ಬಂತು. ಆದರೆ ಅದು ಬಂದದ್ದು ಕೇರಳದ ಕಡೆಯಿಂದ; ಬಂಟ್ವಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಪೆಟ್ಟು ಕೊಟ್ಟದ್ದು ರಸ್ತೆ. ಪಾಣೆಮಂಗಳೂರಿನಲ್ಲಿ ಸೇತುವೆಯಾಗಿ, ಲಾರಿ ಬಸ್ಸುಗಳು ಬಂದ ಮೇಲೆ ಸರಕನ್ನು ಇಳಿಸಿ ದೋಣಿಗೆ ಏರಿಸುವ ಅಗತ್ಯವೇ ಉಳಿಯಲಿಲ್ಲ. ಹೆದ್ದಾರಿಯಿಂದ ಬಂಟ್ವಾಳಕ್ಕೆ ತಿರುಗುವ ಬರೀ ಒಂದು ಕೂಡುರಸ್ತೆ, 'ಬಂಟ್ವಾಳ ಕ್ರಾಸ್ ರೋಡ್', ತಾನೇ ಬಿ.ಸಿ.ರೋಡ್ ಎಂಬ ಊರಾಯಿತು. ತಾಲೂಕು ಕಚೇರಿಯೂ ಈಗ ಅಲ್ಲೇ. ದಾರಿ ತೋರಿಸುವ ಕೈಕಂಬವೇ ಊರನ್ನು ನುಂಗಿದ ಹಾಗೆ!

ಮೇಲಿಂದ ಬೊಳ್ಳ. 1923ರ 'ಮಾರಿಬೊಳ್ಳ'ದ ಕತೆ ನಮ್ಮ ಕಡೆ ಅಜ್ಜಿಯಂದಿರ ಬಾಯಲ್ಲಿ ಇತ್ತು. 1974ರಲ್ಲಿ ಮತ್ತೆ ಪೇಟೆ ಮುಳುಗಿತು. ಸೋಡಾ ಕುಡಿಯಲು ನಿಂತ ಅಂಗಡಿಯ ಹಿರಿಯರೊಬ್ಬರು ಗೋಡೆಯ ಮೇಲೆ ತಲೆಗಿಂತ ಎತ್ತರಕ್ಕೆ ಕೈ ಇಟ್ಟು, "ಇಲ್ಲಿವರೆಗೆ ನೀರು ಮಾರಾಯ್ರೇ. ಅಕ್ಕಿ ಮೂಟೆ ಎಲ್ಲಾ ಹೊಳೆಗೆ. ಆಮೇಲೆ ಹೋದವರು ಎಲ್ಲರೂ ವಾಪಸು ಬರ್ಲಿಲ್ಲ" ಅಂದರು. ನೀವ್ಯಾಕೆ ಹೋಗಲಿಲ್ಲ ಅಂತ ಕೇಳಿದೆ. "ಹೋಗಿ ಎಂತ ಮಾಡುದು?" ಅಂತ ನಕ್ಕರು.

ಇಷ್ಟೆಲ್ಲಾ ಆದ ಮೇಲೆ, 1979ರಲ್ಲಿ, ಮಂಗಳೂರು–ಹಾಸನ ಮೀಟರ್ ಗೇಜ್ ಮಾರ್ಗ ಪೂರ್ತಿಯಾಯಿತು. ನಿಲ್ದಾಣದ ಹೆಸರು ಬಂಟ್ವಾಳ, ಇರುವುದು ಬಿ.ಸಿ.ರೋಡಿನಲ್ಲಿ. ಅದೂ ಎಷ್ಟು ಕಾಲ? 1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ಗಾಡಿ ನಿಂತಿತು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಜನಕ್ಕೆ ರಾತ್ರಿ ಬಸ್ಸು ಅಭ್ಯಾಸವಾಗಿತ್ತು.

ಹಾಗಾಗಿ ಪಾಪ, ರೈಲಿನ ತಪ್ಪೇನೂ ಇಲ್ಲ. ಅದು ಪೇಟೆಯನ್ನು ಕೊಲ್ಲಲಿಲ್ಲ, ಉಳಿಸಲೂ ಇಲ್ಲ. ತಡವಾಗಿ ಬಂತು, ಅಷ್ಟೇ. ಬೆಳ್ತಂಗಡಿಗೂ ಮೂಡಬಿದಿರೆಗೂ ರೈಲೇ ಇಲ್ಲ. ಆದರೂ ಮೂಡಬಿದಿರೆ ಕಾಲೇಜುಗಳಿಂದ ಗಿಜಿಗುಡುತ್ತಿದೆ. ನಮ್ಮೂರಿಗೆ ರೈಲು ಬಂದರೆ ಉದ್ಧಾರವಾಗುತ್ತೆ ಅನ್ನುವವರು ಒಮ್ಮೆ ಬಂಟ್ವಾಳ ಪೇಟೆಯಲ್ಲಿ ನಡೆದು ನೋಡಬೇಕು.

ಇದನ್ನು ಅಪ್ಪನಿಗೆ ಹೇಳಿ ವಾದ ಮಾಡಬೇಕಿತ್ತು. ಈಗ ಅವರಿಲ್ಲ. ಅವರಿಗೆ ಬೊಳ್ಳದ ನೆನಪಿಗಿಂತ ರೈಲನ್ನು ಬೈಯುವುದು ಸುಲಭವಾಗಿತ್ತೋ ಏನೋ...

ನಿಮ್ಮೂರ ಹತ್ತಿರವೂ ಹೀಗೆ ಬೈಪಾಸಿನ ಹಿಂದೆ ಉಳಿದ ಪೇಟೆ ಇದ್ದರೆ ಒಮ್ಮೆ ಒಳಗೆ ತಿರುಗಿ, ಬರೆಯಿರಿ. ಗೋಡೆಗೆ ಕೈ ಇಟ್ಟು ತೋರಿಸುವವರು ಇರುವಾಗಲೇ.