ಸೊಂಟದ ಮರೆಯ ಆಯುಧ

ಹಳ್ಳಿಯ ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಪಾಠ ಹೇಳುವ ಕೆಲಸದೊಡನೆ ಊರವರ ಅರ್ಜಿ ಬರೆಯುವ ಕೆಲಸವೂ ಅಂಟಿಕೊಂಡೇ ಬರುವುದೆಂಬುದನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಸ್ವಾನುಭವದಿಂದ ಬಲ್ಲರು. ಪಿಂಚಣಿಯ ಅರ್ಜಿ, ಪಹಣಿಯ ಅರ್ಜಿ, ಬೆಳೆ ಪರಿಹಾರದ ಅರ್ಜಿ, ಇವೆಲ್ಲವನ್ನೂ ನಾವು ಬರೆದಿದ್ದೇವೆ. ಆದರೆ ಕಳೆದ ಹತ್ತಿಯ ಸುಗ್ಗಿಯಲ್ಲಿ ನಮ್ಮ ಮೂರನೆಯ ತರಗತಿಯ ಬಾಲಕಿಯೊಬ್ಬಳ ತಂದೆ ತಂದ ನಮೂನೆಯನ್ನು ಕಂಡು ನಮ್ಮ ಲೇಖನಿ ತಡೆಯಿತು. ಅದು ಕೈಬಂದೂಕಿನ ಪರವಾನಗಿಯ ಅರ್ಜಿಯಾಗಿತ್ತು.

“ಮೇಷ್ಟ್ರೇ, ಆದವಾನಿ ಮಾರುಕಟ್ಟೆಯಿಂದ ರೊಕ್ಕ ತಗೊಂಡು ರಾತ್ರಿ ಬರೋದು ಆಗ್ತದೆ. ಅಂಗಿ ಕೆಳಗೆ ಯಾರಿಗೂ ಕಾಣದಂಗೆ ಇಟ್ಕೊಳ್ಳೋ ಸಣ್ಣ ಪಿಸ್ತೂಲು ಬೇಕು. ನಾನು ಎಂದೂ ಹಿಡಿದವನಲ್ಲ. ಯಾವುದು ಒಳ್ಳೇದು ಅಂತ ನೀವೇ ಓದಿ ಹೇಳ್ರಿ” ಎಂದರು ಗೌಡರು.

ಎಂಟು ದಿನಗಳ ಅವಕಾಶ ಕೇಳಿ ನಾವು ಓದತೊಡಗಿದೆವು. ಓದಿದಂತೆಲ್ಲ ಪ್ರಶ್ನೆ ಪಿಸ್ತೂಲಿನಿಂದ ಆರಂಭವಾದರೂ ನಮ್ಮ ನೆಲದ ಇತಿಹಾಸದೊಳಕ್ಕೆ ನಮ್ಮನ್ನು ಎಳೆದುಕೊಂಡು ಹೋಯಿತು.

ಮರೆಯ ಆಯುಧವೆಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು 1659ರಲ್ಲಿ ಪ್ರತಾಪಗಡದ ಬುಡದಲ್ಲಿ ನಡೆದ ಭೇಟಿ. ಬಿಜಾಪುರದ ಸರದಾರ ಅಫಜಲಖಾನನನ್ನು ಶಿವಾಜಿಯು ಅಂಗೈಯಲ್ಲಿ ಅಡಗಿಸಿದ ಹುಲಿಯುಗುರಿನಿಂದ ಸೀಳಿದನೆಂಬುದು ಪ್ರಸಿದ್ಧ ಕಥನ. ಆಗ ನಮ್ಮ ಆದವಾನಿಯ ಕೋಟೆಯೂ ಆ ಬಿಜಾಪುರಕ್ಕೇ ಸೇರಿತ್ತು. ಆದರೆ ಅಂತಹ ಅಡಗಿದ ಆಯುಧವು ಅಪರೂಪದ ಸಂಗತಿ. ನಮ್ಮ ಸೀಮೆಯಲ್ಲಿ ಆಯುಧವೆಂದರೆ ಕಾಣುವ ವಸ್ತುವಾಗಿತ್ತು. ಕಾಣಲೆಂದೇ ಹಿಡಿಯುವ ವಸ್ತುವಾಗಿತ್ತು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರಾಂತಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಅವುಗಳಿಗೆ ದತ್ತಮಂಡಲಗಳೆಂಬ ಹೆಸರು ನಿಂತಿತು. ಆದವಾನಿಯೂ ಅದರಲ್ಲಿ ಸೇರಿತ್ತು. ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಕಂಡದ್ದೇನು? ಸುಮಾರು 80 ಮಂದಿ ಪಾಳೆಯಗಾರರು. ಅವರ ಹಿಂದೆ ಸುಮಾರು 30,000 ಮಂದಿ ಆಯುಧಪಾಣಿಗಳು. ಇವರಲ್ಲಿ ಕಟ್ಟುಬಡಿಗಳೆಂಬವರು ಕಾವಲಿನ ಸೇವೆಗಾಗಿ ಇನಾಮು ಭೂಮಿಯನ್ನು ಅನುಭವಿಸುತ್ತಿದ್ದವರು. ಅವರ ಹೆಗಲ ಕೋವಿ, ಕೈಯ ಭರ್ಜಿ, ಸೊಂಟದ ಕತ್ತಿ ಇವು ಅವರ ಸ್ವಂತ ಭಯಕ್ಕೆ ಮದ್ದಾಗಿರಲಿಲ್ಲ. ಅವರ ಉದ್ಯೋಗದ ಗುರುತಾಗಿದ್ದುವು. ಯಾರ ಕೈಯಲ್ಲಿ ಯಾವ ಆಯುಧವಿದೆಯೆಂಬುದನ್ನು ಊರಿನ ಕೂಸೂ ಬಲ್ಲುದಾಗಿತ್ತು.

ಮನ್ರೋ ಈ ವ್ಯವಸ್ಥೆಯನ್ನು ಮುರಿದನು. ಅದು ಸುಲಭದಲ್ಲಿ ಮುರಿಯಲಿಲ್ಲ. ಆದವಾನಿ ಸೀಮೆಯ ತೆರ್ನೇಕಲ್ಲಿನ ಜನ 1801ರಲ್ಲಿ ಕಂದಾಯದ ವಿಷಯವಾಗಿ ತಿರುಗಿಬಿದ್ದು ತಮ್ಮ ಊರಕೋಟೆಯ ಬಾಗಿಲಿಕ್ಕಿದಾಗ, ಅದನ್ನು ಹಿಡಿಯಲು ಕಂಪೆನಿಗೆ ಸೈನ್ಯವೇ ಬೇಕಾಯಿತು. ಒಂದು ಹಳ್ಳಿಯ ಮಣ್ಣುಗೋಡೆಯ ಮುಂದೆ ಸಿಪಾಯಿಗಳು ಪ್ರಾಣ ತೆತ್ತರೆಂದರೆ ಒಳಗಿದ್ದವರ ಕೈಗೆ ಆಯುಧ ಎಷ್ಟು ಒಗ್ಗಿತ್ತೆಂಬುದನ್ನು ಊಹಿಸಬಹುದು. ಮುಂದೆ ಮದರಾಸಿನ ಗವರ್ನರನಾದ ಇದೇ ಮನ್ರೋ 1827ರಲ್ಲಿ ನಮ್ಮ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು.

ಕರ್ನೂಲಿನ ನವಾಬ ಗುಲಾಮ್ ರಸೂಲ್ ಖಾನನ ಕಥೆಯಾದರೋ ಬಚ್ಚಿಟ್ಟ ಆಯುಧದ ಕಥೆ. ಅವನು ಗುಟ್ಟಾಗಿ ತೋಪು, ಮದ್ದುಗುಂಡು ಕೂಡಿಹಾಕುತ್ತಿರುವನೆಂಬ ಶಂಕೆಯಿಂದ 1839ರಲ್ಲಿ ಕಂಪೆನಿಯು ಸೈನ್ಯ ಕಳುಹಿಸಿತು. ಕೋಟೆಯಲ್ಲಿ ಅಪಾರ ಶಸ್ತ್ರಸಂಗ್ರಹ ಸಿಕ್ಕಿತು. ನವಾಬನು ರಾಜ್ಯವನ್ನು ಕಳೆದುಕೊಂಡನು. ಅವನ ಉದ್ದೇಶವೇನಿತ್ತೆಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ತೋರಿಸಿದ ಆಯುಧಕ್ಕಿಂತ ಬಚ್ಚಿಟ್ಟ ಆಯುಧಕ್ಕೆ ಸರಕಾರಗಳು ಹೆಚ್ಚು ಹೆದರುತ್ತವೆಂಬುದಷ್ಟು ಇದರಿಂದ ತಿಳಿಯುತ್ತದೆ. ಮುಂದೆ 1846–47ರಲ್ಲಿ ಉಯ್ಯಾಲವಾಡ ನರಸಿಂಹರೆಡ್ಡಿಯ ದಂಗೆಗೆ ಸೇರಿದವರಲ್ಲಿ ಕಟ್ಟುಬಡಿಗಳು ಬಹುಸಂಖ್ಯೆಯಲ್ಲಿದ್ದರು.

1878ರ ಆಯುಧ ಕಾಯಿದೆ ಬಂದಮೇಲೆ ಪರವಾನಗಿಯಿಲ್ಲದೆ ಭಾರತೀಯನು ಆಯುಧ ಹಿಡಿಯುವಂತಿರಲಿಲ್ಲ. ಐರೋಪ್ಯರಿಗೆ ಆ ಕಟ್ಟು ಇರಲಿಲ್ಲ. ಈ ಭೇದವೇ ಜನರನ್ನು ನೋಯಿಸಿತು. ಅಹಿಂಸೆಯ ಪ್ರವರ್ತಕರಾದ ಗಾಂಧೀಜಿಯವರೇ 1930ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದಾಗಿತ್ತೆಂದರೆ ನಮ್ಮ ವಿದ್ಯಾರ್ಥಿಗಳು ಕಣ್ಣರಳಿಸುತ್ತಾರೆ. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿಯೂ ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕಿನ ಮಾತಿತ್ತು. ಆದರೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಇದನ್ನು ಮೂಲಭೂತ ಹಕ್ಕಾಗಿಸಬೇಕೆಂದು ತಿದ್ದುಪಡಿ ತಂದಾಗ ಡಾ॥ ಅಂಬೇಡ್ಕರರು ಒಪ್ಪಲಿಲ್ಲ. ಇಂತಹ ಹಕ್ಕನ್ನು ಸಜ್ಜನನಿಗೆ ಕೊಟ್ಟರೆ ದುರ್ಜನನಿಗೂ ಕೊಟ್ಟಂತಾಗುವುದೆಂಬುದು ಅವರ ವಾದದ ತಿರುಳು. ನಮ್ಮ ಮನಸ್ಸೂ ಈ ವಿಷಯದಲ್ಲಿ ಅಂಬೇಡ್ಕರರ ಕಡೆಗೇ ಇದೆ.

1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದುವು. ಕಚೇರಿಯ ಭಾಷೆ ಬದಲಾಯಿತು. ನಮ್ಮ ಗೌಡರು ಅರ್ಜಿ ಬರೆಸಲು ನಮ್ಮ ಬಳಿಗೆ ಬರುವುದಕ್ಕೆ ಇದೂ ಒಂದು ಕಾರಣ. ಆಯುಧದ ಕಾನೂನು ಮಾತ್ರ ಇಡೀ ದೇಶಕ್ಕೆ ಒಂದೇ. 1959ರ ಕಾಯಿದೆಯು 1962ರಲ್ಲಿ ಜಾರಿಗೆ ಬಂದು, 2019ರಲ್ಲಿ ತಿದ್ದುಪಡಿಗೊಂಡು, ಇಂದಿಗೂ ನಡೆಯುತ್ತಿದೆ.

ಇನ್ನು ಗೌಡರ ಮುಖ್ಯ ಪ್ರಶ್ನೆ. ಮೊದಲ ಸಲ ಹಿಡಿಯುವವನಿಗೆ ಯಾವ ಸಣ್ಣ ಆಯುಧ ಸುರಕ್ಷಿತ?

ಕೈಬಂದೂಕುಗಳಲ್ಲಿ ಎರಡು ಜಾತಿ. ಒಂದು ರಿವಾಲ್ವರು. ತೋಟಾಗಳು ಕೂರುವ ಗಾಲಿಯೊಂದು ಇದರ ನಡುವೆ ತಿರುಗುತ್ತದೆ. ಹಳೆಯ ಕಾಲದ ರಿವಾಲ್ವರಿಗೆ ಒಂದು ಕೆಟ್ಟ ಗುಣವಿತ್ತು: ಹೊಡೆಯುವ ಸುತ್ತಿಗೆಯು ತೋಟಾದ ಬೆನ್ನಿಗೇ ತಾಗಿ ಕೂತಿರುತ್ತಿದ್ದುದರಿಂದ, ನೆಲಕ್ಕೆ ಬಿದ್ದರೂ ಗುಂಡು ಹಾರಬಹುದಾಗಿತ್ತು. ಆದುದರಿಂದ ಅಮೆರಿಕದಲ್ಲಿ 1873ರ ಕೋಲ್ಟ್ ರಿವಾಲ್ವರನ್ನು ಧರಿಸುತ್ತಿದ್ದ ಬುದ್ಧಿವಂತರು ಆರು ಮನೆಗಳಲ್ಲಿ ಐದನ್ನೇ ತುಂಬಿ, ಸುತ್ತಿಗೆಯ ಕೆಳಗಿನ ಮನೆಯನ್ನು ಬರಿದಾಗಿಡುತ್ತಿದ್ದರು. ಮುಂದಿನ ತಯಾರಕರು ಸುತ್ತಿಗೆಗೆ ಅಡ್ಡತಡೆಯನ್ನಿಟ್ಟು ಈ ದೋಷವನ್ನು ನೀಗಿದರು. ಎರಡನೆಯ ಜಾತಿ ಪಿಸ್ತೂಲು. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿ ಬೆಲ್ಜಿಯಮಿನ ಕಾರಖಾನೆಯೊಂದು 1900ರ ಮಾದರಿಯೆಂದು ಮಾರಿದ ಚಪ್ಪಟೆಯ ಪಿಸ್ತೂಲು ಅಂಗಿಯ ಕೆಳಗೆ ಉಬ್ಬು ತೋರದೆ ಕೂರುವ ಆಯುಧಗಳಿಗೆ ದಾರಿಮಾಡಿತು. ಆದರೆ ಇದರಲ್ಲಿ ಹೊಸಬನನ್ನು ಮೋಸಗೊಳಿಸುವ ಒಂದು ಗುಟ್ಟಿದೆ. ಹಿಡಿಯೊಳಗಿನ ತೋಟಾಪೆಟ್ಟಿಗೆಯನ್ನು ಹೊರಗೆಳೆದರೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ‘ಬರಿದಾಗಿದೆ’ ಎಂದು ನಂಬಿ ಕುದುರೆಯೆಳೆದು ಮನೆಯವರನ್ನೇ ಕೊಂದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಆದುದರಿಂದ ಹೊಸಬನಿಗೆ ರಿವಾಲ್ವರೇ ಮೇಲೆಂದು ನಮಗೆ ತೋರುತ್ತದೆ. ಗಾಲಿಯನ್ನು ತೆರೆದರೆ ಎಲ್ಲ ಮನೆಗಳೂ ಕಣ್ಣಿಗೆ ಕಾಣುತ್ತವೆ. ಸುತ್ತಿಗೆಯನ್ನು ಮೊದಲೇ ಎತ್ತದಿದ್ದಲ್ಲಿ ಕುದುರೆಯನ್ನು ದೂರದವರೆಗೆ, ಬಲವಾಗಿ ಎಳೆಯಬೇಕಾಗುವುದರಿಂದ ಕೈತಪ್ಪಿ ಹಾರುವ ಸಂಭವ ಕಡಮೆ.

ಸೇನೆಯ 9 ಮಿಲಿಮೀಟರಿನ ತೋಟಾ ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಅವನಿಗೆ ಬಹುಮಟ್ಟಿಗೆ ದೊರೆಯುವುದು ಪಾಯಿಂಟ್ 32ರ ಅಳತೆ. ಕಾನ್ಪುರದ ಸರಕಾರಿ ಕಾರಖಾನೆಯು 2014ರಲ್ಲಿ, ದೆಹಲಿಯ ದುರಂತದ ತರುಣಿಯ ಸ್ಮರಣೆಯಲ್ಲಿ, ‘ನಿರ್ಭೀಕ್’ ಎಂಬ ಈ ಅಳತೆಯ ಆರು ಗುಂಡಿನ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ, ಅಂದರೆ ಅರ್ಧ ಕಿಲೋ ಬೆಲ್ಲದಷ್ಟು. ಅಂದಿನ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿದ್ದು. ಹೊರಲು ಹಗುರವೆಂಬುದು ನಿಜ. ಆದರೆ ಆಯುಧ ಹಗುರವಾದಷ್ಟೂ ಅದರ ಒದೆತ ಕೈಗೆ ಹೆಚ್ಚು, ನಳಿಗೆ ಗಿಡ್ಡವಾದಷ್ಟೂ ಗುರಿ ಕಷ್ಟ. ಅಂಗಡಿಯಲ್ಲಿ ಕೈಗೆ ಹಿತವಾದದ್ದು ಕತ್ತಲೆಯಲ್ಲಿ, ನಡುಗುವ ಕೈಯಲ್ಲಿ ಹಿತವಾಗದು.

ಕಾನೂನೂ ಇದನ್ನು ಬಲ್ಲುದು. 2016ರ ನಿಯಮಗಳು ಅರ್ಜಿದಾರನು ಆಯುಧದ ಸುರಕ್ಷಿತ ಬಳಕೆಯ ತರಬೇತಿ ಪಡೆಯಬೇಕೆನ್ನುತ್ತವೆ. ಮನೆಯಲ್ಲಿ ಅದನ್ನು ಭದ್ರವಾಗಿ ಇಡುವ ಹೊಣೆ ಹೊರಿಸುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಅದಕ್ಕೆಂದೇ ಮಾಡಿದ ಒರೆಯಲ್ಲಿಟ್ಟು ಒಯ್ಯಬೇಕೆನ್ನುತ್ತವೆ. ಒರೆಯು ಕುದುರೆಯನ್ನು ಪೂರ್ತಿ ಮುಚ್ಚುವಂತಿರಬೇಕು. ಬರಿಯ ಜೇಬಿನಲ್ಲಿ ಕೀಲಿಕೈ, ಚಿಲ್ಲರೆಗಳೊಡನೆ ಇಟ್ಟ ಆಯುಧ ಇಟ್ಟವನ ತೊಡೆಗೇ ಯಮ. ಪರವಾನಗಿಯಿಲ್ಲದ ನಾಡಪಿಸ್ತೂಲಿನ ಮಾತನ್ನಂತೂ ಎತ್ತಲೇಬಾರದು. ಅದು ಸೆರೆಮನೆಯ ದಾರಿ. ಮೇಲಾಗಿ ಎತ್ತ ಸಿಡಿಯುವುದೆಂದು ಮಾಡಿದವನೂ ಅರಿಯನು.

ಆಲೂರು ಕಡೆಯ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವದಲ್ಲಿ ಊರೂರಿನವರು ಕೋಲು ಹಿಡಿದು ಬಡಿದಾಡುವುದನ್ನು ನಮ್ಮ ಓದುಗರು ಬಲ್ಲರು. ತಲೆಗಳು ಒಡೆಯುವ ಆ ಬಡಿದಾಟವನ್ನು ನಾವು ಮೆಚ್ಚುವವರಲ್ಲ. ಆದರೂ ಅಲ್ಲಿ ಕೋಲು ಕಾಣುತ್ತದೆ, ಹೆದರಿದವನು ಸರಿದು ನಿಲ್ಲಬಹುದು. ಅಂಗಿಯ ಕೆಳಗಿನ ಆಯುಧ ಯಾರಿಗೂ ಕಾಣದು. ಅದರ ಮೇಲೆ ಕಣ್ಣಿಡಬಲ್ಲವನು ಹೊತ್ತವನೊಬ್ಬನೇ. ಅವನು ಮರೆತ ಒಂದು ಗಳಿಗೆಯಲ್ಲಿ ಅದಕ್ಕೆ ಕಾವಲೇ ಇಲ್ಲ.

ಎಂಟನೆಯ ದಿನ ಗೌಡರು ಬಂದರು. ಇದನ್ನೆಲ್ಲ ಹೇಳಿದೆವು. ರಿವಾಲ್ವರಿನ ಮಾತಿಗೆ ತಲೆದೂಗಿದರು. ಬೆಲೆ ಕೇಳಿ ಹುಬ್ಬೇರಿಸಿದರು. ಆಮೇಲೆ ನಾವು ಕೇಳಿದೆವು:

“ಗೌಡ್ರೇ, ರಾತ್ರಿ ಮನೆಗೆ ಬಂದ ಮೇಲೆ ಅದನ್ನ ಎಲ್ಲಿ ಇಡ್ತೀರಿ?”

“ತಲೆದಿಂಬಿನ ಕೆಳಗೆ. ಮತ್ತೆಲ್ಲಿ?”

“ನಿಮ್ಮ ಪಕ್ಕದಲ್ಲಿ ಯಾರು ಮಲಗ್ತಾರೆ?”

ಅವರು ಉತ್ತರ ಹೇಳಲಿಲ್ಲ. ಹೊರಗೆ ಅಂಗಳದಲ್ಲಿ ಮೂರನೆಯ ತರಗತಿಯ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಗೌಡರು ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದು, ಅರ್ಜಿಯನ್ನು ಮೇಜಿನಿಂದ ತೆಗೆದು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. “ಮೊದಲು ಆದವಾನಿಗೆ ಹೋಗಿ ಬೀಗ ಇರೋ ಕಬ್ಬಿಣದ ಪೆಟ್ಟಿಗೆ ಎಷ್ಟಕ್ಕೆ ಸಿಗ್ತದೋ ಕೇಳ್ಕೊಂಡು ಬರ್ತೀನಿ, ಮೇಷ್ಟ್ರೇ” ಎಂದು ಎದ್ದರು.