ಸಭಾಪಾಲಕವರಣ ವಿಚಾರ

ಶ್ರೌತಕರ್ಮಗಳಲ್ಲಿ ಋತ್ವಿಗ್ವರಣವೆಂಬುದೊಂದು ವಿಧಿಯುಂಟು. ಸೋಮಯಾಗವನ್ನು ಸಂಕಲ್ಪಿಸಿದ ಯಜಮಾನನು ಸೋಮಪ್ರವಾಕನೆಂಬ ದೂತನನ್ನು ಕಳುಹಿಸಿ ಋತ್ವಿಜರನ್ನು ಪ್ರಾರ್ಥಿಸುವನು. ಕರೆ ಬಂದವನು ಒಡನೆಯೇ ಒಪ್ಪತಕ್ಕುದಲ್ಲ. ಉಳಿದ ಋತ್ವಿಜರು ಯಾರು, ದಕ್ಷಿಣೆ ಎಂತಹುದು, ಈ ಆರ್ತ್ವಿಜ್ಯವನ್ನು ಹಿಂದೆ ಮತ್ತೊಬ್ಬರು ತೊರೆದುಹೋದುದುಂಟೇ ಎಂದು ಆತನು ವಿಚಾರಿಸಬೇಕೆಂದು ಸೂತ್ರಕಾರರ ಮತ. ಈ ಕಡೆಯ ಪ್ರಶ್ನೆ ಲೋಕಾನುಭವದಿಂದಲೇ ಹುಟ್ಟಿದುದು. ತೆರವಾದ ಧರ್ಮಸ್ಥಾನಕ್ಕೆ ತಕ್ಕವನನ್ನು ಗೊತ್ತುಮಾಡುವ ಅಧಿಕಾರ ಯಾರದು ಎಂಬ ವಿಷಯವು ಪ್ರಾಟೆಸ್ಟೆಂಟ್ ಕ್ರೈಸ್ತಸಭೆಗಳಲ್ಲಿ ಹೇಗೆ ನಿರ್ಣಯವಾಯಿತು, ಅದರಲ್ಲಿ ಚಿತ್ರದುರ್ಗ ಸೀಮೆಯ ಪಾಡೇನು ಎಂಬುದು ಪ್ರಕೃತ ವಿಚಾರ.

ಮೊದಲು ಶಬ್ದಗಳನ್ನು ನೋಡೋಣ. ಆಂಗ್ಲಿಕನ್ ಸಭೆಯಲ್ಲಿ ಒಂದು ಊರಿನ ಅಥವಾ ಕೇರಿಯ ಭಕ್ತಸಮೂಹಕ್ಕೆ ಪ್ಯಾರಿಷ್ ಎಂದೂ ಅದರ ಗುರುವಿಗೆ ವಿಕಾರ್ ಎಂದೂ ಹೆಸರು. ಪ್ಯಾರಿಷ್ ಶಬ್ದದ ಮೂಲವು ಗ್ರೀಕಿನ ಪರೋಯಿಕಿಯಾ. ಪರದೇಶಿಯಾಗಿ ಒಂದೆಡೆ ತಂಗಿರುವುದೆಂದು ಅದರರ್ಥ. ಪಯಣಿಗರ ತಂಗುದಾಣವನ್ನು ಸೂಚಿಸುತ್ತಿದ್ದ ಶಬ್ದವು ಕಾಲಕ್ರಮದಲ್ಲಿ ಎಲ್ಲೆಕಟ್ಟಿನ ಸ್ಥಾವರಕ್ಕೆ ಹೆಸರಾದುದು ವಿಚಿತ್ರವೇ ಸರಿ. ವಿಕಾರ್ ಎಂದರೆ ಲ್ಯಾಟಿನಿನಲ್ಲಿ ಮತ್ತೊಬ್ಬನಿಗೆ ಪ್ರತಿಯಾಗಿ ನಿಂತವನು. ನಮ್ಮ ಜನರು ಪೋರ್ಚುಗೀಸರಿಂದ ಬಂದ ಪಾದ್ರಿ ಎಂಬ ಮಾತನ್ನು ಬಳಸಿದರು. ಸಭೆಯವರು ಸಭಾಪಾಲಕ ಎಂದರು. ಇದರಲ್ಲಿ ಕುರಿ ಕಾಯುವವನ ರೂಪಕವಡಗಿದೆ. ಹಿರಿಯೂರಿನ ಕಡೆಯ ಗೊಲ್ಲರಹಟ್ಟಿಗಳವರಿಗೆ ಅದನ್ನು ಟೀಕಿಸಿ ಹೇಳಬೇಕಾದುದಿಲ್ಲ.

ಇಂಗ್ಲೆಂಡಿನಲ್ಲಿ ಈ ವರಣವು ಬಹುಕಾಲ ಪೋಷಕನ ಹಕ್ಕಾಗಿದ್ದಿತು. ಜಮೀನುದಾರನೋ ವಿದ್ಯಾಶಾಲೆಯೋ ಪೋಷಕಸ್ಥಾನದಲ್ಲಿದ್ದು ಗುರುವನ್ನು ಸೂಚಿಸುವರು; ಬಿಷಪ್ಪನು ನಿಯಮಿಸುವನು. ಈ ಹಕ್ಕನ್ನು ಸೊತ್ತಿನಂತೆ ಕೊಂಡು ಮಾರುತ್ತಲೂ ಇದ್ದರು. ಬಾಹ್ಯಕರ್ಮಕ್ಕಿಂತ ವೇದವಾಕ್ಯಕ್ಕೂ ಮನಃಪರಿವರ್ತನೆಗೂ ಪ್ರಾಧಾನ್ಯವೀಯುವ ಸುವಾರ್ತಾಪಕ್ಷದವರಲ್ಲಿ ಅಗ್ರಗಣ್ಯನಾದ ಕೇಂಬ್ರಿಜ್ಜಿನ ಚಾರ್ಲ್ಸ್ ಸಿಮಿಯನ್ (1759–1836) ಎಂಬವನು 1782ರಲ್ಲಿ ಹೋಲಿ ಟ್ರಿನಿಟಿ ದೇವಾಲಯಕ್ಕೆ ನಿಯಮಿತನಾದಾಗ, ಬೇರೊಬ್ಬನನ್ನು ಬಯಸಿದ್ದ ಸಭಿಕರು ತಮ್ಮ ತಮ್ಮ ಆಸನಗಳಿಗೆ ಬೀಗ ಹಾಕಿ ಹೊರಟುಹೋದರು. ಆತನು ಎದೆಗುಂದದೆ ಮರಣಪರ್ಯಂತ, 54 ವರ್ಷ, ಅಲ್ಲಿಯೇ ಇದ್ದನು. ಸಭೆಯ ಇಚ್ಛೆಗೆ ವಿರುದ್ಧವಾಗಿ ಬಂದ ಈತನೇ ಮುಂದೆ ಅನೇಕ ಊರುಗಳ ಪೋಷಕತ್ವವನ್ನು ಕ್ರಯಕ್ಕೆ ಕೊಂಡು, ತನ್ನ ಪಕ್ಷದ ಗುರುಗಳೇ ಅಲ್ಲಿ ನೆಲಸುವಂತೆ ಧರ್ಮದರ್ಶಿಗಳ ಮಂಡಲಿಯನ್ನು ಸ್ಥಾಪಿಸಿದನು. ಉದ್ದೇಶವು ಶುದ್ಧವಾದುದಾದರೂ ಮಾರ್ಗವು ಹಣದ್ದೆಂಬ ಆಕ್ಷೇಪಕ್ಕೆ ಎಡೆಯಿಲ್ಲದಿಲ್ಲ.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ಮೊದಲಾದ ದಂಡಿನ ದೇವಾಲಯಗಳಿಗೆ ಕಂಪೆನಿಯವರೂ ಅನಂತರ ಸರ್ಕಾರದವರೂ ಗುರುಗಳನ್ನು ಕಳುಹಿಸುತ್ತಿದ್ದುದರಿಂದ ಅಲ್ಲಿ ಸಭಿಕರ ವರಣದ ಮಾತೇ ಇರಲಿಲ್ಲ. ಚಿತ್ರದುರ್ಗ ಸೀಮೆಯಲ್ಲಿ ಬೇರೂರಿದುದಾದರೋ, 1837ರಲ್ಲಿ ಗುಬ್ಬಿಯಲ್ಲಿ ನೆಲೆಗೊಂಡು ಮೈಸೂರು ಸಂಸ್ಥಾನದ ಕನ್ನಡನಾಡಿನಲ್ಲಿ ಹರಡಿದ ವೆಸ್ಲಿಯನ್ ಮಿಶನ್ನು. ಅದರ ಮೂಲಪುರುಷನಾದ ಜಾನ್ ವೆಸ್ಲಿ (1703–1791) ಆಂಗ್ಲಿಕನ್ ದೀಕ್ಷೆ ಪಡೆದವನೇ. ಆದರೆ ಕುದುರೆಯೇರಿ ಊರೂರು ಸಂಚರಿಸಿದವನು. ಬೋಧಕನೊಬ್ಬನು ಒಂದೆಡೆ ಮೂರು ವರ್ಷಕ್ಕೆ ಮೀರಿ ನಿಲ್ಲಕೂಡದೆಂಬ ಕಟ್ಟಳೆಯನ್ನು 1784ರ ಶಾಸನಪತ್ರದಲ್ಲಿ ಆತನು ಬರೆಯಿಸಿದನು. ಈ ಪದ್ಧತಿಯಲ್ಲಿ ಸಭೆಯು ಗುರುವನ್ನು ಹುಡುಕುವುದಿಲ್ಲ. ವರ್ಷಕ್ಕೊಮ್ಮೆ ಕೂಡುವ ಬೋಧಕಪರಿಷತ್ತು ಅವನನ್ನು ಕಳುಹಿಸುತ್ತದೆ. ಚಿತ್ರದುರ್ಗದಿಂದ ಹಿರಿಯೂರು ಸುಮಾರು 40 ಕಿಲೋಮೀಟರು, ಹೊಳಲ್ಕೆರೆ ಸುಮಾರು 30, ಹೊಸದುರ್ಗ ಇನ್ನೂ ದೂರ. ಇಂತಹ ವಿರಳವಸತಿಯ ಬಯಲುಸೀಮೆಗೆ ಊರಿಗೊಬ್ಬ ಗುರುವಿಗಿಂತ ಸುತ್ತುವ ಬೋಧಕನೇ ಒಪ್ಪುವವನು.

ಇವನನ್ನು ನಮ್ಮ ಚರಜಂಗಮನಿಗೆ ಹೋಲಿಸಬಹುದೇ? ಸಂಚಾರದಲ್ಲಿ ಸಾಮ್ಯವುಂಟು, ಆದರೆ ಜಂಗಮನು ಸ್ವೇಚ್ಛೆಯಿಂದ ಚರಿಸುವವನು, ಬೋಧಕನು ಆಜ್ಞೆಯಿಂದ. ಇದೇ ಸೀಮೆಯ ಮಠಗಳಲ್ಲಿ ಸಾಮಾನ್ಯವಾಗಿ ಹಿಂದಣ ಸ್ವಾಮಿಗಳು ಉತ್ತರಾಧಿಕಾರಿಯನ್ನು ಗೊತ್ತುಮಾಡುವರು, ಭಕ್ತರು ಒಪ್ಪುವರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು 1940ರಲ್ಲಿ ಪಟ್ಟವೇರಿ, 1979ರಲ್ಲಿ ತಾವಿರುವಾಗಲೇ ಪೀಠವನ್ನು ಬಿಟ್ಟುಕೊಟ್ಟುದು ವಿಶೇಷ. ವೆಸ್ಲಿಯನ್ ಸಭೆಯಲ್ಲಿ ಹೋಗುವವನಿಗೆ ಬರುವವನನ್ನು ಹೆಸರಿಸುವ ಅಧಿಕಾರವೂ ಇರಲಿಲ್ಲ.

1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟಾಗ ಮೂರು ಸಂಪ್ರದಾಯಗಳು ಒಂದುಗೂಡಿದುವು: ಬಿಷಪ್ಪನ ನಿಯಮನವುಳ್ಳ ಆಂಗ್ಲಿಕನರು, ಪರಿಷತ್ತಿನ ಆಜ್ಞೆಯುಳ್ಳ ಮೆಥಡಿಸ್ಟರು, ಸಭೆಯೇ ಗುರುವನ್ನು ಕರೆಯತಕ್ಕುದೆಂಬ ಕಾಂಗ್ರಿಗೇಷನಲ್ ತತ್ತ್ವವನ್ನು ಒಳಗೊಂಡ ದಕ್ಷಿಣ ಭಾರತ ಐಕ್ಯಸಭೆಯವರು. ಐಕ್ಯದ ಮಾತುಕತೆ 1919ರ ತರಂಗಂಬಾಡಿಯ ಕೂಟದಿಂದ ಮೊದಲಾಗಿ 28 ವರ್ಷ ಎಳೆಯಿತು. ಬಿಷಪ್ಪನ ಹಸ್ತದೀಕ್ಷೆಯಿಲ್ಲದ ಬೋಧಕರು ಆಂಗ್ಲಿಕನರಿಗೆ ಗುರುಗಳಾಗಬಲ್ಲರೇ ಎಂಬುದೇ ಅಲ್ಲಿ ಬಿಗಿಯಾದ ಗಂಟು. ತಮಗೆ ರೂಢಿಯಿಲ್ಲದ ಅಥವಾ ಅಂತಃಕರಣವೊಪ್ಪದ ಆರಾಧನಾಕ್ರಮವನ್ನಾಗಲಿ ಗುರುಸೇವೆಯನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲವೆಂಬ ಪ್ರತಿಜ್ಞೆಯಿಂದ ಅದನ್ನು ಸಡಿಲಿಸಿದರು. ಸೂಕ್ಷ್ಮವಾಗಿ ನೋಡಿದರೆ ಇದು ಸಭೆಗೆ ಕೊಟ್ಟುದು ನಿರಾಕರಣದ ಹಕ್ಕನ್ನೇ ಹೊರತು ವರಣದ ಹಕ್ಕನ್ನಲ್ಲ. ಬಳಕೆಯಲ್ಲಿ ಬಿಷಪ್ಪನೆಂಬ ಹೆಸರು ಆಂಗ್ಲಿಕನರದಾಗಿ ನಿಂತಿತು. ಸಭಾಪಾಲಕರನ್ನು ಕೆಲವು ವರ್ಷಗಳಿಗೊಮ್ಮೆ ವರ್ಗಮಾಡುವ ಮರ್ಯಾದೆ ವೆಸ್ಲಿಯನರದಾಗಿ ಉಳಿಯಿತು.

ಇಂಗ್ಲೆಂಡಿನವರು ನಿರಾಕರಣದ ಈ ಹಕ್ಕನ್ನು ಶಾಸನದಲ್ಲಿ ತಂದುದು 1986ರಲ್ಲಿ. ಅಂದಿನಿಂದ ಅಲ್ಲಿ ಸ್ಥಾನವು ತೆರವಾದೊಡನೆ ಪ್ಯಾರಿಷಿನವರು ತಮ್ಮ ಸ್ಥಿತಿಗತಿಗಳನ್ನೂ ಅಗತ್ಯಗಳನ್ನೂ ಬರೆದು ಒಪ್ಪಿಸುವರು. ಅವರ ಇಬ್ಬರು ಪ್ರತಿನಿಧಿಗಳಿಗೆ ಪೋಷಕನು ಸೂಚಿಸಿದವನನ್ನು ಬೇಡವೆನ್ನುವ ಅಧಿಕಾರವುಂಟು.