ಮುರಾತಾ, ಸಯಾಕಾ

1979- . ಜಪಾನಿನ ಕಾದಂಬರಿಕಾರ್ತಿ. ಹುಟ್ಟಿದ್ದು ಚಿಬಾ ಪ್ರಾಂತ್ಯದಲ್ಲಿ. 2003ರಲ್ಲಿ ಗುಂಝೋ ಪತ್ರಿಕೆಯ ಹೊಸ ಬರಹಗಾರರ ಸ್ಪರ್ಧೆಯಿಂದ ಬೆಳಕಿಗೆ ಬಂದರು. 2013ರಲ್ಲಿ ಮಿಶಿಮಾ ಯುಕಿಯೋ ಪ್ರಶಸ್ತಿ ದೊರೆಯಿತು. ಬರವಣಿಗೆಯ ಜೊತೆಗೇ ಬಹುಕಾಲ ‘ಕೊಂಬಿನಿ’ಗಳಲ್ಲಿ, ಎಂದರೆ ಹಗಲೂ ರಾತ್ರಿ ತೆರೆದಿರುವ ದಿನಬಳಕೆಯ ಅಂಗಡಿಗಳಲ್ಲಿ, ಅರೆಕಾಲಿಕ ಕೆಲಸ ಮಾಡಿದರು. ಅಕುತಾಗಾವಾ ಪ್ರಶಸ್ತಿ ತಂದುಕೊಟ್ಟ ‘ಕೊಂಬಿನಿ ನಿಂಗೆನ್’ (2016) ಈ ಅನುಭವದ ಫಲ. ನಾಯಕಿ ಕೇಕೊ 36ರ ಅವಿವಾಹಿತೆ. ಕೈಪಿಡಿ ಹೇಳಿದಂತೆ ನಕ್ಕು, ಮಾತಾಡಿ ಅಂಗಡಿಯಲ್ಲಿ 18 ವರ್ಷ ಕಳೆದವಳು. ಚಿಕ್ಕಂದಿನಲ್ಲಿ ಸತ್ತ ಹಕ್ಕಿಯ ಸುತ್ತ ಮಕ್ಕಳೆಲ್ಲ ಅಳುತ್ತಿದ್ದಾಗ, ಅದನ್ನು ತಿನ್ನೋಣವೆಂದು ಅಮ್ಮನಿಗೆ ಹೇಳಿದವಳು. ಮುರಾತಾ ಇದನ್ನು ದನಿ ಏರಿಸದೆ ಹೇಳುತ್ತಾರೆ. ಮೊದಲು ನಗು, ಹಿಂದೆಯೇ ದಿಗಿಲು. ‘ಚಿಕ್ಯೂ ಸೇಜಿನ್’ (2018) ಇನ್ನೂ ಕಟು, ಎಲ್ಲರಿಗೂ ಒಗ್ಗುವಂಥದ್ದಲ್ಲ. ಹೊಸ ಓದುಗರು ‘ಕೊಂಬಿನಿ ನಿಂಗೆನ್’ನಿಂದಲೇ ತೊಡಗುವುದು ಒಳ್ಳೆಯದು, ಅದರ ಇಂಗ್ಲಿಷ್ ಅನುವಾದ 2018ರಲ್ಲಿ ಬಂದಿದೆ.